ಸೊಂಟ ಹಿಡಿದಿದೆ ಅಂತ ಮಲಗಿಬಿಡಬೇಡಿ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳನ್ನೆಲ್ಲ ಮೊನ್ನೆ ಭಾನುವಾರ ಹರಡಿಕೊಂಡು ಕೂತಿದ್ದೆ. ಮಂಡಿ ನೋವು, ಕುತ್ತಿಗೆ ನೋವು, ಹಿಮ್ಮಡಿ ನೋವು ಎಲ್ಲ ಇತ್ತು. ಆದರೆ ದಪ್ಪ ಕಟ್ಟು ಬೆನ್ನು ನೋವಿನದೇ. ಹಾಗಾಗಿ ಈ ಸಲ ಬೇರೆ ಯಾವುದನ್ನೂ ಮುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರಲ್ಲಿ ಜಗತ್ತಿನ 61.9 ಕೋಟಿ ಜನರಿಗೆ ಸೊಂಟ ನೋವು ಇತ್ತು, ಅದರಲ್ಲಿ ನೂರಕ್ಕೆ 90ರಷ್ಟು ಮಂದಿಯದ್ದು ಇಂಥದ್ದೇ ಮೂಳೆ, ಇಂಥದ್ದೇ ನರ ಅಂತ ಬೆರಳಿಟ್ಟು ತೋರಿಸಲು ಆಗದ ನೋವು. ಇದನ್ನು ಕೇಳಿ ಹೆದರುವವರೇ ಜಾಸ್ತಿ. ನನಗೆ ಇದು ಸಮಾಧಾನದ ಮಾತು, ಯಾಕಂದರೆ ಇವರಲ್ಲಿ ಬಹುಪಾಲು ಮಂದಿ ಆಪರೇಷನ್ ಇಲ್ಲದೆ, ದೊಡ್ಡ ಔಷಧಿ ಇಲ್ಲದೆ ಸುಧಾರಿಸಿಕೊಳ್ಳುತ್ತಾರೆ. ಇಷ್ಟು ವರ್ಷದ ಫಿಸಿಯೋಥೆರಪಿ ಕೆಲಸದಲ್ಲಿ ನಾನು ದಿನಾ ಕಾಣುವುದೂ ಅದನ್ನೇ.

ಆದರೆ ಒಂದು ಪತ್ರ ಮಾತ್ರ ಬೇರೆ ಥರದ್ದು. ಅದನ್ನೇ ಮೊದಲು ಹಾಕುತ್ತಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ಯಜಮಾನರಿಗೆ 46 ವರ್ಷ. ಸಿಮೆಂಟ್ ಅಂಗಡಿಯಲ್ಲಿ ಮೂಟೆ ಇಳಿಸುವ ಕೆಲಸ. ಹದಿನೈದು ದಿನದಿಂದ ಸೊಂಟ ನೋವು ಎರಡೂ ಕಾಲಿಗೆ ಇಳಿಯುತ್ತಿದೆ. ನಿನ್ನೆಯಿಂದ ತೊಡೆಸಂದಿಯಲ್ಲಿ ಮುಟ್ಟಿದರೆ ಗೊತ್ತಾಗುತ್ತಿಲ್ಲ ಅನ್ನುತ್ತಾರೆ, ಮೂತ್ರವೂ ಸರಿಯಾಗಿ ಹೋಗುತ್ತಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಿದ್ದೇವೆ. ಯಾವ ಎಣ್ಣೆ ಒಳ್ಳೆಯದು ತಿಳಿಸಿ.
— ಓದುಗಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಈ ಪತ್ರ ಇಮೇಲ್‌ನಲ್ಲಿ ಬಂದಿತ್ತು, ಅದರಲ್ಲಿ ಫೋನ್ ನಂಬರೂ ಇತ್ತು. ಅಚ್ಚಾಗುವವರೆಗೆ ಕಾಯಲಿಲ್ಲ, ಓದಿದ ತಕ್ಷಣ ಫೋನ್ ಮಾಡಿ, ಎಣ್ಣೆ ಆಮೇಲೆ ನೋಡೋಣ, ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ ಅಂದೆ. ಅವರು ಹೊರಟರು. ಇಲ್ಲಿ ಬರೆಯುತ್ತಿರುವುದು ಉಳಿದವರಿಗಾಗಿ.

ಬೆನ್ನುಹುರಿ ಸೊಂಟದ ತನಕ ಬರುವುದಿಲ್ಲ, ಸ್ವಲ್ಪ ಮೇಲೆಯೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಕುದುರೆ ಬಾಲದ ಹಾಗೆ ಗೊಂಚಲಾಗಿ ಇಳಿಯುತ್ತವೆ. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕ್ ದೊಡ್ಡದಾಗಿ ಜರುಗಿ ಆ ಗೊಂಚಲನ್ನೇ ಒತ್ತಿದರೆ ಮೂತ್ರ, ಮಲದ ಹಿಡಿತ ತಪ್ಪುತ್ತದೆ, ಕೂರುವ ಜಾಗ ಮರಗಟ್ಟುತ್ತದೆ. ಆಗ ಗಂಟೆಗಳ ಲೆಕ್ಕ. ತಡವಾದರೆ ಆಪರೇಷನ್ ಮಾಡಿದರೂ ಹಿಡಿತ ಪೂರ್ತಿ ವಾಪಸ್ ಬರದೇ ಇರಬಹುದು. ಹಾಗೆಯೇ ಪಾದ ಎತ್ತಲು ಆಗದೆ ಚಪ್ಪಲಿ ಎಳೆದುಕೊಂಡು ನಡೆಯುವಂತಾದರೆ, ಬಿದ್ದ ಮೇಲೆ ಅಥವಾ ಅಪಘಾತದ ನಂತರ ಜೋರು ನೋವು ಶುರುವಾದರೆ, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬೆನ್ನು ನೋವು ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ. ಇನ್ನೊಂದು ನಮ್ಮ ದೇಶದಲ್ಲಿ ಮರೆಯಬಾರದ ಕಾಯಿಲೆ, ಬೆನ್ನುಮೂಳೆಯ ಕ್ಷಯ. ವಾರಗಟ್ಟಲೆ ಬಿಡದ ನೋವು, ಸಂಜೆ ಹೊತ್ತಿಗೆ ಸಣ್ಣ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು. ಕೆಮ್ಮು ಇರಲೇಬೇಕು ಅಂತೇನಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಕ್ಷಯಕ್ಕೆ ಪರೀಕ್ಷೆ, ಔಷಧಿ ಎರಡೂ ಉಚಿತ.

ಇವು ಯಾವುವೂ ಇಲ್ಲ ಅಂದರೆ ಮುಂದಿನ ಪತ್ರಗಳನ್ನು ನಿಧಾನವಾಗಿ ಓದಿ.

ಪ್ರಶ್ನೆ: ನನಗೆ 34. ಸಾಫ್ಟ್‌ವೇರ್ ಕೆಲಸ, ವಾರದಲ್ಲಿ ಮೂರು ದಿನ ಮನೆಯಿಂದಲೇ. ಸಂಜೆಯಾಗುವಷ್ಟರಲ್ಲಿ ಸೊಂಟ ಕಟ್ಟಿಗೆ ಆಗಿರುತ್ತದೆ. 25 ಸಾವಿರದ ಕುರ್ಚಿ ತಗೋ ಅಂತ ಸ್ನೇಹಿತರು ಹೇಳುತ್ತಿದ್ದಾರೆ. ತಗೊಳ್ಳಲಾ?
— ಓದುಗ, ಬೆಂಗಳೂರು

ಉತ್ತರ: ದುಡ್ಡಿದ್ದರೆ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ 25 ಸಾವಿರದ ಕುರ್ಚಿಯಲ್ಲಿ ನಾಲ್ಕು ಗಂಟೆ ಅಲ್ಲಾಡದೆ ಕೂರುವವರಿಗಿಂತ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅರ್ಧ ಗಂಟೆಗೊಮ್ಮೆ ಎದ್ದು ಓಡಾಡುವವರ ಬೆನ್ನು ಚೆನ್ನಾಗಿರುವುದನ್ನೇ ನಾನು ನೋಡಿರುವುದು.

ಯಾಕೆ ಅಂತ ಹೇಳುತ್ತೇನೆ. ಬೆನ್ನುಮೂಳೆಗಳ ನಡುವೆ ಇರುವ ಡಿಸ್ಕ್‌ಗಳಿಗೆ, ನಾವು ದೊಡ್ಡವರಾದ ಮೇಲೆ, ತಮ್ಮದೇ ಆದ ರಕ್ತನಾಳಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ಹಿಂಡಿ ಬಿಟ್ಟರೆ ನೀರು ಹೊರಗೆ ಹೋಗಿ ಮತ್ತೆ ಒಳಗೆ ಬರುತ್ತದಲ್ಲ, ಡಿಸ್ಕ್‌ಗೆ ಊಟ ಸಿಗುವುದೂ ಸುಮಾರಾಗಿ ಹಾಗೆಯೇ. ನೀವು ಎದ್ದಾಗ, ನಡೆದಾಗ, ಬಾಗಿದಾಗ, ಮಲಗಿದಾಗ. ರಾತ್ರಿ ಮಲಗಿದಾಗ ಅವು ನೀರು ಹೀರಿಕೊಂಡು ಉಬ್ಬುತ್ತವೆ, ಅದಕ್ಕೇ ಬೆಳಗ್ಗೆ ಎದ್ದಾಗ ನಿಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರ್ ಅಥವಾ ಇನ್ನೂ ಸ್ವಲ್ಪ ಜಾಸ್ತಿ ಇರುತ್ತದೆ. ಬಾಗಿಲ ಚೌಕಟ್ಟಿಗೆ ಒರಗಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ ನೋಡಿ, ಮಕ್ಕಳಿದ್ದರೆ ಖುಷಿ ಪಡುತ್ತಾರೆ.

ಹಾಗಾಗಿ ಕೂರುವ ರೀತಿ ಸರಿಯಾ ತಪ್ಪಾ ಅನ್ನುವುದಕ್ಕಿಂತ, ಒಂದೇ ರೀತಿಯಲ್ಲಿ ಎಷ್ಟು ಹೊತ್ತು ಕೂತಿದ್ದೀರಿ ಅನ್ನುವುದನ್ನು ನೋಡಿಕೊಳ್ಳಿ. ಮೇಜಿನ ಮೇಲೆ ಎರಡು ಲೀಟರ್ ಬಾಟಲಿ ಇಟ್ಟುಕೊಳ್ಳಬೇಡಿ, ಒಂದು ಸಣ್ಣ ಲೋಟ ಇಟ್ಟುಕೊಳ್ಳಿ. ಖಾಲಿಯಾದಾಗಲೆಲ್ಲ ಅಡುಗೆಮನೆಗೆ ಹೋಗಲೇಬೇಕಾಗುತ್ತದೆ. ಕ್ಯಾಮೆರಾ ಬೇಕಿಲ್ಲದ ಮೀಟಿಂಗ್‌ಗಳನ್ನು ನಡೆದಾಡುತ್ತಾ ಮುಗಿಸಿ. ಲ್ಯಾಪ್‌ಟಾಪನ್ನು ದಪ್ಪ ಪುಸ್ತಕಗಳ ಮೇಲಿಟ್ಟು ಪರದೆ ಕಣ್ಣಿನ ಮಟ್ಟಕ್ಕೆ ತನ್ನಿ, ಬೇರೆ ಕೀಬೋರ್ಡ್ ಹಾಕಿಕೊಳ್ಳಿ. ಕುರ್ಚಿ ಎತ್ತರವಾಗಿ ಕಾಲು ತೂಗುತ್ತಿದ್ದರೆ ಕೆಳಗೆ ಊಟದ ಮಣೆ ಇಡಿ. ಸೊಂಟದ ಹಿಂದೆ ಒಂದು ಟವೆಲ್ ಸುರುಳಿ ಸುತ್ತಿ ಇಟ್ಟುಕೊಂಡರೆ ಇನ್ನೂ ಹಿತ. ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ತೊಡೆ ಮೇಲಿಟ್ಟುಕೊಂಡು ಕೆಲಸ ಮಾಡುವುದನ್ನು ಮಾತ್ರ ದಯವಿಟ್ಟು ಬಿಡಿ.

ಆ ದುಡ್ಡಲ್ಲಿ ಒಂದು ಒಳ್ಳೆಯ ಜೊತೆ ಶೂ ತಗೊಳ್ಳಿ. ಆಸ್ಟ್ರೇಲಿಯಾದ ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದವರು ಸೊಂಟ ನೋವು ಬಂದು ವಾಸಿಯಾಗಿದ್ದ 701 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ನಿಧಾನವಾಗಿ ಹೆಚ್ಚಿಸುತ್ತಾ ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆಯುವ ಅಭ್ಯಾಸ ಮಾಡಿಸಿ ಜೊತೆಗೆ ಬೆನ್ನಿನ ಬಗ್ಗೆ ತಿಳಿಸಿ ಹೇಳಿದರು, ಇನ್ನೊಂದು ಗುಂಪನ್ನು ಹಾಗೇ ಬಿಟ್ಟರು. 2024ರಲ್ಲಿ ಫಲಿತಾಂಶ ಬಂತು. ಸುಮ್ಮನೆ ಬಿಟ್ಟವರಲ್ಲಿ ಅರ್ಧ ಜನರಿಗೆ ನೋವು ಮರಳಲು 112 ದಿನ ಹಿಡಿಯಿತು, ನಡೆದವರಲ್ಲಿ 208 ದಿನ. ನಡಿಗೆಗೆ ಯಾರೂ ಬಿಲ್ ಕಳಿಸುವುದಿಲ್ಲ, ಅಲ್ವಾ?

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಮಗುವಿಗೆ ಈಗ 14 ತಿಂಗಳು. ಸಿಸೇರಿಯನ್ ಆಗಿತ್ತು. ಆಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದಕ್ಕೇ ಈ ಬೆನ್ನು ನೋವು, ಇದು ಜೀವನಪೂರ್ತಿ ಹೋಗುವುದಿಲ್ಲ ಅಂತ ಮನೆಯಲ್ಲಿ, ಬೀದಿಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜವಾ?
— ಓದುಗಿ, ತೀರ್ಥಹಳ್ಳಿ

ಉತ್ತರ: ನಿಜ ಅಲ್ಲಮ್ಮಾ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಹೆರಿಗೆ ವಾರ್ಡಿನ ಬಾಗಿಲಿಗೆ ಅಂಟಿಸಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ನನ್ನ ಹತ್ತಿರ ಬರುವ ಹತ್ತು ತಾಯಂದಿರಲ್ಲಿ ಏಳೆಂಟು ಜನ ಬಂದು ಕೂತು, ಬೆನ್ನಿನ ನಡುವೆ ಒಂದು ಜಾಗಕ್ಕೆ ಬೆರಳಿಟ್ಟು, ಇಲ್ಲೇ ಚುಚ್ಚಿದ್ದು ಅನ್ನುತ್ತಾರೆ.

ಆ ಸೂಜಿ ತುಂಬಾ ಸಣ್ಣದು. ಬೆನ್ನುಹುರಿ ಮುಗಿದ ಜಾಗಕ್ಕಿಂತ ಕೆಳಗೆ ಕೊಡುತ್ತಾರೆ. ಚುಚ್ಚಿದ ಜಾಗದಲ್ಲಿ ಕೆಲವು ದಿನ ನೋವು ಇರಬಹುದು, ಕೆಲವರಿಗೆ ಮೊದಲ ವಾರ ತಲೆನೋವು ಬರಬಹುದು. ಔಷಧಿಯ ಪ್ರಭಾವ ಕೆಲವೇ ಗಂಟೆಗಳಲ್ಲಿ ಇಳಿದು ಹೋಗುತ್ತದೆ. ವರ್ಷಗಟ್ಟಲೆ ಅಲ್ಲಿ ಉಳಿದು ನೋವು ಕೊಡುವಂಥದ್ದು ಏನೂ ಇಲ್ಲ. ಬೆನ್ನಿಗೆ ಇಂಜೆಕ್ಷನ್ ತಗೊಳ್ಳದೆ ನಾರ್ಮಲ್ ಹೆರಿಗೆಯಾದ ತಾಯಂದಿರಿಗೂ ಇದೇ ನೋವು ಬರುತ್ತದೆ. ನಿಮ್ಮ ಅಜ್ಜಿಯನ್ನು ಕೇಳಿ, ಅವರ ಕಾಲದಲ್ಲಿ ಯಾರಿಗೂ ಬಾಣಂತನದಲ್ಲಿ ಸೊಂಟ ನೋಯುತ್ತಿರಲಿಲ್ಲವಾ ಅಂತ.

ಹಾಗಾದರೆ ನೋವು ಎಲ್ಲಿಂದ? ಒಂಬತ್ತು ತಿಂಗಳು ಹೊಟ್ಟೆಯ ಸ್ನಾಯುಗಳು ಹಿಗ್ಗಿ ಸಡಿಲವಾಗಿವೆ. ಹೆರಿಗೆಗೆ ಅನುಕೂಲ ಆಗಲಿ ಅಂತ ದೇಹವೇ ಸೊಂಟದ ಕಟ್ಟುಗಳನ್ನು ಮೆತ್ತಗೆ ಮಾಡಿರುತ್ತದೆ. ಹೊಟ್ಟೆಯ ಸ್ನಾಯು ಬೆನ್ನಿಗೆ ಮುಂದಿನ ಗೋಡೆ ಇದ್ದ ಹಾಗೆ. ಆ ಗೋಡೆ ಸಡಿಲವಾದಾಗ ಭಾರವೆಲ್ಲ ಹಿಂದಿನ ಗೋಡೆ ಮೇಲೆ. ಅದರ ಮೇಲೆ ಏನಾಗುತ್ತದೆ ನೋಡಿ. ದಿನಕ್ಕೆ ಎಂಟು ಹತ್ತು ಸಲ ಹಾಲು ಕುಡಿಸಬೇಕು, ಪ್ರತಿ ಸಲವೂ ಮಗುವಿನ ಮೇಲೆ ಬಗ್ಗಿಕೊಂಡು. ರಾತ್ರಿ ನಿದ್ದೆ ಇಲ್ಲ. ಹುಟ್ಟಿದಾಗ ಮೂರು ಕಿಲೋ ಇದ್ದ ಮಗು ಈಗ ಒಂಬತ್ತು ಕಿಲೋ ಆಗಿದೆ, ಅದನ್ನು ಒಂದೇ ಸೊಂಟದ ಮೇಲೆ ಕೂರಿಸಿಕೊಂಡು ಇನ್ನೊಂದು ಕೈಯಲ್ಲಿ ಸಾರು ಕುದಿಸುತ್ತೀರಿ. ಇಷ್ಟೆಲ್ಲ ಆಗಿಯೂ ತಪ್ಪು ಮಾತ್ರ ಇಂಜೆಕ್ಷನ್‌ದು!

ಜೀವನಪೂರ್ತಿ ಹೋಗುವುದಿಲ್ಲ ಅನ್ನುವ ಮಾತು ಬರೀ ಸುಳ್ಳಲ್ಲ, ಅದು ಕೆಡುಕನ್ನೂ ಮಾಡುತ್ತದೆ. ಅದನ್ನು ನಂಬಿದ ಹೆಣ್ಣುಮಕ್ಕಳು ಏನೂ ಮಾಡದೆ ಸುಮ್ಮನಾಗಿಬಿಡುತ್ತಾರೆ, ನೋವು ಸಹಿಸುವುದೇ ತಾಯ್ತನ ಅಂದುಕೊಂಡು.

ನೀವು ಮಾಡಬೇಕಾದದ್ದು ಇಷ್ಟು. ಹಾಲು ಕುಡಿಸುವಾಗ ಗೋಡೆಗೋ ದಿಂಬಿಗೋ ಒರಗಿ ಕೂತು, ತೊಡೆ ಮೇಲೆ ಇನ್ನೊಂದು ದಿಂಬು ಇಟ್ಟು, ಮಗುವನ್ನು ಎದೆಯ ಹತ್ತಿರಕ್ಕೆ ಎತ್ತಿಕೊಳ್ಳಿ. ನೀವು ಮಗುವಿನ ಕಡೆಗೆ ಬಗ್ಗಬೇಡಿ. ನೆಲದ ಮೇಲಿನ ಮಗುವನ್ನು ಎತ್ತುವಾಗ ಒಂದು ಮಂಡಿ ಊರಿ, ಮೊದಲು ಎದೆಗೆ ಅವಚಿಕೊಂಡು ಆಮೇಲೆ ಏಳಿ. ಸೊಂಟ ಬದಲಿಸುತ್ತಿರಿ. ಆಮೇಲೆ ಹೊಟ್ಟೆಯ ಸ್ನಾಯುವನ್ನು ಎಬ್ಬಿಸಬೇಕು. ಅಂಗಾತ ಮಲಗಿ ಮಂಡಿ ಮಡಚಿ, ಉಸಿರು ಬಿಡುತ್ತಾ ಹೊಕ್ಕುಳ ಕೆಳಗಿನ ಭಾಗವನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಂಡು, ಮೂತ್ರ ತಡೆಹಿಡಿಯುವಾಗ ಬಿಗಿ ಮಾಡುವ ಹಾಗೆ ಕೆಳಗಿನ ಸ್ನಾಯುಗಳನ್ನೂ ಬಿಗಿ ಮಾಡಿ, ಐದು ಎಣಿಸಿ ಬಿಡಿ. ಹತ್ತು ಸಲ, ದಿನಕ್ಕೆ ಎರಡು ಹೊತ್ತು. ನಿಂತಾಗ ಹೊಟ್ಟೆಯ ನಡುವೆ ಉದ್ದಕ್ಕೆ ಉಬ್ಬು ಕಾಣುತ್ತಿದ್ದರೆ ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿಕೊಳ್ಳಿ. ಮತ್ತೆ ಮನೆಯವರಿಗೆ ಒಂದು ಮಾತು: ಮಗುವನ್ನು ಎತ್ತಿಕೊಳ್ಳಲು ಆ ಮನೆಯಲ್ಲಿ ಇನ್ನೂ ಕೈಗಳಿವೆ.

ಪ್ರಶ್ನೆ: ನಾನು ಬಸ್ ಚಾಲಕ, 18 ವರ್ಷದ ಸರ್ವಿಸ್. ರಾತ್ರಿ ರೂಟ್ ಜಾಸ್ತಿ. ಸೊಂಟಕ್ಕೆ ಬೆಲ್ಟ್ ಹಾಕಿಕೊಂಡೇ ಗಾಡಿ ಓಡಿಸುತ್ತೇನೆ, ತೆಗೆದರೆ ಭಯ. ಬೆಲ್ಟ್ ಜೀವನಪೂರ್ತಿ ಹಾಕಬಹುದಾ?
— ಓದುಗ, ರಾಯಚೂರು

ಉತ್ತರ: ಅಣ್ಣಾ, ಬೆಲ್ಟ್ ಬಿಗಿಯಾಗಿ ಹಿಡಿದಿರುವಾಗ ಧೈರ್ಯ ಬರುತ್ತದೆ ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ಅದು ನೋವು ಬರದಂತೆ ತಡೆಯುವುದಿಲ್ಲ. 2016ರಲ್ಲಿ ಬೆನ್ನು ನೋವು ತಡೆಯುವ ಉಪಾಯಗಳ ಮೇಲೆ ಆಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದಾಗ ಬೆಲ್ಟ್‌ನಿಂದ, ಶೂ ಒಳಗಿನ ಪ್ಯಾಡ್‌ನಿಂದ ಪ್ರಯೋಜನ ಕಾಣಲಿಲ್ಲ. ಕಂಡದ್ದು ವ್ಯಾಯಾಮದಿಂದ. ವ್ಯಾಯಾಮದ ಜೊತೆ ತಿಳಿವಳಿಕೆಯೂ ಸೇರಿದಾಗ ನೋವು ಬರುವ ಸಾಧ್ಯತೆ ನೂರಕ್ಕೆ 45ರಷ್ಟು ತಗ್ಗಿತ್ತು. 2023ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಳೆಯ ಸೊಂಟ ನೋವಿಗೆ ಬೆಲ್ಟ್ ಬೇಡ ಅಂತಲೇ ಹೇಳಿತು. ಹಾಗಂತ ನಾಳೆಯೇ ಕಿತ್ತು ಬಿಸಾಡಬೇಡಿ. ಮೊದಲ ವಾರ ಒಂದು ಗಂಟೆ ತೆಗೆದಿಡಿ, ಮುಂದಿನ ವಾರ ಎರಡು ಗಂಟೆ, ಹೀಗೆ.

ನಿಮ್ಮ ನೋವಿಗೆ ಕೂರುವುದೊಂದೇ ಕಾರಣ ಅಲ್ಲ, ಗಾಡಿಯ ಅದುರಾಟವೂ ಸೇರಿದೆ. ಸೀಟಿನ ಸ್ಪ್ರಿಂಗ್ ಸತ್ತಿದ್ದರೆ ಡಿಪೋದಲ್ಲಿ ಬರೆದುಕೊಡಿ, ಬಿಡಬೇಡಿ, ಇದು ನಿಮ್ಮ ಹಕ್ಕು. ಪೆಡಲ್ ತುಳಿಯುವಾಗ ಸೊಂಟ ಸೀಟಿನಿಂದ ಮುಂದಕ್ಕೆ ಜಾರುತ್ತಿದ್ದರೆ ಸೀಟನ್ನು ಹತ್ತಿರ ಎಳೆದುಕೊಳ್ಳಿ. ಒಂದು ಕೆಲಸ ಇವತ್ತೇ ಮಾಡಿ, ಹಿಂದಿನ ಜೇಬು ನೋಡಿಕೊಳ್ಳಿ. ಒಬ್ಬ ಚಾಲಕರು ಒಂದು ಕಡೆ ಕುಂಡೆ, ಕಾಲು ಜೋಮು ಹಿಡಿಯುತ್ತದೆ ಅಂತ ನನ್ನ ಹತ್ತಿರ ಬಂದಿದ್ದರು. ಪರೀಕ್ಷೆ ಮಾಡಲು ಮಲಗಿಸುವ ಮೊದಲು ಪರ್ಸ್ ತೆಗೆದಿಡಿ ಅಂದೆ. ಹೊರಬಂದ ಪರ್ಸ್ ಎರಡು ಬೆರಳಿನಷ್ಟು ದಪ್ಪ. ಒಳಗೆ ಲೈಸೆನ್ಸ್, ನಾಲ್ಕೈದು ಕಾರ್ಡು, ಹಳೇ ರಸೀದಿಗಳು, ದೇವರ ಫೋಟೋ, ಚಿಲ್ಲರೆ. ದಿನಕ್ಕೆ ಎಂಟು ಗಂಟೆ ಒಂದು ಕಡೆ ಅಷ್ಟು ಎತ್ತರದ ಮೇಲೆ ಕೂತಿದ್ದರು. ಪರ್ಸ್ ಅಂಗಿ ಜೇಬಿಗೆ ಬಂದ ಮೇಲೆ ಮೂರು ವಾರದಲ್ಲಿ ಜೋಮು ನಿಂತಿತು.

ಇನ್ನೊಂದು, ಗಂಟೆಗಟ್ಟಲೆ ಓಡಿಸಿ ಇಳಿದ ತಕ್ಷಣ ಭಾರ ಎತ್ತಬೇಡಿ. ಐದು ನಿಮಿಷ ನಡೆಯಿರಿ, ಸೊಂಟಕ್ಕೆ ಕೈ ಕೊಟ್ಟು ಐದಾರು ಸಲ ಮೆಲ್ಲಗೆ ಹಿಂದಕ್ಕೆ ಬಾಗಿ. ಬೀಡಿ ಸಿಗರೇಟು ಇದ್ದರೆ ಬಿಡಿ, ಸೇದುವವರಲ್ಲಿ ಬೆನ್ನು ನೋವು ಹೆಚ್ಚು.

ಪ್ರಶ್ನೆ: ನನಗೆ 52 ವರ್ಷ, ಹೊಲದ ಕೆಲಸ. ಸೊಂಟ ನೋವಿಗೆ ಎಂಆರ್‌ಐ ಮಾಡಿಸಿದ್ವಿ. ನೋವು ಕಾಲಿಗೆ ಇಳಿಯುವುದಿಲ್ಲ, ಪಾದದಲ್ಲಿ ಶಕ್ತಿಯೂ ಇದೆ. ಡಿಸ್ಕ್ ಸವೆದಿದೆ, ಗ್ಯಾಪ್ ಬಂದಿದೆ, ಇನ್ನು ಮುಂದೆ ಬಗ್ಗಲೇಬಾರದು, ಒಂದು ಕೊಡ ನೀರೂ ಎತ್ತಬಾರದು ಅಂದರು. ಬಗ್ಗದೆ ಹೊಲ ಮನೆ ಹೆಂಗ ನಡೀತದ? ಮಗಳ ಕೈಲಿ ಬರೆಸಿದ್ದೇನೆ.
— ಓದುಗಿ, ಹಾವೇರಿ ಜಿಲ್ಲೆ

ಉತ್ತರ: ಅಕ್ಕಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. "ಬಗ್ಗದೆ ಹೆಂಗ ನಡೀತದ" ಅಂತ ಕೇಳಿದ್ದೀರಲ್ಲ, ಅದೇ ಸರಿಯಾದ ಪ್ರಶ್ನೆ. ನಡೆಯುವುದಿಲ್ಲ. ಬಗ್ಗಬಾರದು ಅಂತ ಯಾವ ಬೆನ್ನೂ ಹುಟ್ಟಿಲ್ಲ.

ಮೊದಲು ಆ ರಿಪೋರ್ಟ್ ವಿಷಯ. ಏನೂ ನೋವಿಲ್ಲದ, ಆರಾಮಾಗಿ ಓಡಾಡಿಕೊಂಡಿರುವ ಜನರ ಬೆನ್ನಿನ ಚಿತ್ರ ತೆಗೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಲೆಕ್ಕ ಹಾಕಿದರು. ನೋವೇ ಇಲ್ಲದ 20 ವರ್ಷದವರಲ್ಲಿ ನೂರಕ್ಕೆ 37 ಮಂದಿಗೆ ಡಿಸ್ಕ್ ಸವೆತ ಕಾಣಿಸಿತು. 80 ವರ್ಷದವರಲ್ಲಿ ನೂರಕ್ಕೆ 96 ಮಂದಿಗೆ. ತಲೆಕೂದಲು ಹಣ್ಣಾಗುತ್ತದಲ್ಲ, ಇದು ಒಳಗಿನ ನರೆ. ನಿಮ್ಮ ಚಿತ್ರದಲ್ಲಿ ಕಂಡದ್ದೇ ನಿಮ್ಮ ನೋವಿಗೆ ಕಾರಣ ಅಂತ ಅದೊಂದರಿಂದಲೇ ಹೇಳಲು ಬರುವುದಿಲ್ಲ. ಕಾಲಿಗೆ ಇಳಿಯುವ ನೋವು, ಪಾದದಲ್ಲಿ ಶಕ್ತಿ ಕಡಿಮೆ ಆಗುವುದು ಇದ್ದರೆ ಮಾತು ಬೇರೆ. ನಿಮಗೆ ಅದಿಲ್ಲ ಅಂತ ಬರೆಸಿದ್ದೀರಿ.

ಈಗ ಕೆಲಸದ ವಿಷಯ. ಬೆಳಗ್ಗೆ ಎದ್ದ ಕೂಡಲೇ ಏನು ಮಾಡುತ್ತೀರಿ? ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುತ್ತೀರಿ. ಕಾಲು ನೆಟ್ಟಗೆ ಇಟ್ಟು, ಸೊಂಟದಿಂದ ಪೂರ್ತಿ ಮಡಚಿ, ಗಿಡ್ಡ ಪೊರಕೆಯಲ್ಲಿ. ರಾತ್ರಿಯೆಲ್ಲ ನೀರು ಹೀರಿ ಡಿಸ್ಕ್ ಬಿಗಿಯಾಗಿ ಉಬ್ಬಿರುವ ಹೊತ್ತು ಅದು. ಆಗ ಹಾಗೆ ಬಗ್ಗಿದರೆ ಅದಕ್ಕೆ ಹೆಚ್ಚು ಜಗ್ಗು ಬೀಳುತ್ತದೆ. ಒಂದು ಅರ್ಧ ಗಂಟೆ, ಮುಕ್ಕಾಲು ಗಂಟೆ ಮುಂದಕ್ಕೆ ಹಾಕಿ. ಮೊದಲು ಚಹಾ ಇಡಿ, ದನಕ್ಕೆ ಮೇವು ಹಾಕಿ, ನಾಲ್ಕು ಹೆಜ್ಜೆ ಓಡಾಡಿ, ಆಮೇಲೆ ಅಂಗಳ. ಪೊರಕೆಗೆ ಒಂದು ಉದ್ದ ಕೋಲು ಕಟ್ಟಿಸಿ. ರಂಗೋಲಿಯನ್ನು ಕುಕ್ಕರಗಾಲಲ್ಲಿ ಕೂತು ಹಾಕಿ, ಇಲ್ಲವೇ ಒಂದು ಸಣ್ಣ ಮಣೆ ಹಾಕಿಕೊಳ್ಳಿ.

ಹೊಲದಲ್ಲಿ ಇಡೀ ದಿನ ಬಗ್ಗಿ ಕಳೆ ತೆಗೆಯುವುದು ನಿಜಕ್ಕೂ ಬೆನ್ನು ತಿನ್ನುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಸಾಲು ಮುಗಿದಾಗಲೆಲ್ಲ ನಿಂತು, ಎರಡೂ ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿ. ನಮ್ಮ ಹಿರಿಯ ಹೆಂಗಸರು ಯಾರೂ ಹೇಳಿಕೊಡದೆ ಇದನ್ನು ಮಾಡುತ್ತಿದ್ದರು, ನೀವೂ ಮಾಡುತ್ತಿರಬಹುದು. ಸಾಲಿನ ಬೆಳೆ ಆದರೆ ನಿಂತು ತಳ್ಳುವ ಸೈಕಲ್ ಎಡೆಕುಂಟೆ ಒಳ್ಳೆಯದು, ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಬಗ್ಗುವ ಕೆಲಸ ಎರಡು ಗಂಟೆ ಆಯಿತೆಂದರೆ ನಿಲ್ಲುವ ಕೆಲಸಕ್ಕೆ ಬದಲಾಯಿಸಿ, ಆಳುಗಳಿದ್ದರೆ ಸರದಿ ಮಾಡಿ.

ಕೊಡ ಎತ್ತುವುದು. ತುಂಬಿದ ಕೊಡ ಅಂದರೆ ಹದಿನೈದು ಕಿಲೋ ಹತ್ತಿರ. ನನ್ನ ತಾಯಿ ಬಾವಿ ಕಟ್ಟೆಯ ಮೇಲಿಂದ ಕೊಡ ತೆಗೆದುಕೊಳ್ಳುತ್ತಿದ್ದ ಬಗೆ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಡವನ್ನು ಮೊದಲು ಕಟ್ಟೆಯ ಅಂಚಿಗೆ ಎಳೆದುಕೊಳ್ಳುತ್ತಿದ್ದರು, ಹೊಟ್ಟೆಗೆ ತಾಗುವಷ್ಟು ಹತ್ತಿರ. ಒಂದು ಕೈ ಕಂಠಕ್ಕೆ, ಒಂದು ಕೈ ತಳಕ್ಕೆ. ಒಂದು ಸಲ ಉಸಿರು ಬಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ, ಮೈಯನ್ನೇ ಕೊಡದ ಕೆಳಗೆ ತಂದು ಸೊಂಟಕ್ಕೆ ಏರಿಸಿಕೊಳ್ಳುತ್ತಿದ್ದರು. ತಿರುಗಬೇಕಾದರೆ ಹೆಜ್ಜೆ ಇಟ್ಟು ತಿರುಗುತ್ತಿದ್ದರು, ಸೊಂಟ ತಿರುಚುತ್ತಿರಲಿಲ್ಲ. ನಾನು ಕಾಲೇಜಿನಲ್ಲಿ ಭಾರ ಎತ್ತುವ ಪಾಠ ಓದುವಾಗ ನೆನಪಾದದ್ದು ಅದೇ. ಭಾರ ಮೈಗೆ ಹತ್ತಿರ ಇರಬೇಕು, ಎತ್ತುತ್ತಾ ತಿರುಚಬಾರದು, ನೆಲದಿಂದ ಎತ್ತುವ ಬದಲು ಎತ್ತರದಿಂದ ತೆಗೆದುಕೊಳ್ಳಬೇಕು. ನಿಮ್ಮ ನಲ್ಲಿಯ ಹತ್ತಿರ ಮಂಡಿ ಎತ್ತರಕ್ಕೆ ಎರಡು ಸೈಜುಗಲ್ಲು ಇಡಿಸಿ ಅದರ ಮೇಲೆ ಕೊಡ ತುಂಬಿಸಿ. ತುಂಬಿದ ಗ್ಯಾಸ್ ಸಿಲಿಂಡರ್ ಮಾತ್ರ ಒಬ್ಬರೇ ಎತ್ತಬೇಡಿ. ಅದರಲ್ಲಿ ಗ್ಯಾಸೇ 14.2 ಕಿಲೋ, ಡಬ್ಬದ ತೂಕ ಸೇರಿ 30 ಕಿಲೋ ಹತ್ತಿರ ಆಗುತ್ತದೆ. ಉರುಳಿಸಿ.

ಈಗ ನೋವು ಇರುವುದರಿಂದ ಮೊದಲು ಅರ್ಧ ಕೊಡದಿಂದ ಶುರು ಮಾಡಿ. ಎರಡು ವಾರ ಆರಾಮ ಅನ್ನಿಸಿದರೆ ಮುಕ್ಕಾಲು. ತಿಂಗಳಗಟ್ಟಲೆ ಏನೂ ಎತ್ತದೆ ಇದ್ದು ಒಂದು ದಿನ ಹಬ್ಬಕ್ಕೆ ಅಂತ 25 ಕಿಲೋ ಅಕ್ಕಿ ಚೀಲ ಎಳೆದವರೇ ನನ್ನ ಹತ್ತಿರ ಜಾಸ್ತಿ ಬರುವುದು.

ಪ್ರಶ್ನೆ: ನನ್ನ ಸೊಂಟ ಆಗಾಗ ಚಳುಕು ಹಿಡಿಯುತ್ತದೆ. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಹೋಗುತ್ತದೆ ಅಂತ ಅತ್ತೆ ಹೇಳುತ್ತಾರೆ. ಒದೆಸಿಕೊಳ್ಳಬಹುದಾ?
— ಓದುಗಿ, ತುಮಕೂರು

ಉತ್ತರ: ಬೇಡ. ಅತ್ತೆಯವರಿಗೆ ಬೇಜಾರಾಗದ ಹಾಗೆ ಹೇಳಿ, ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿರುವುದು. ಹೊಸದಾಗಿ ಹಿಡಿದ ಸೊಂಟ ಹೆಚ್ಚಿನವರಿಗೆ ನಾಲ್ಕರಿಂದ ಆರು ವಾರದೊಳಗೆ ತಾನಾಗಿಯೇ ಸಡಿಲವಾಗುತ್ತದೆ, ಆ ನಡುವೆ ಯಾರು ಒದ್ದರೂ ವಾಸಿಯಾದ ಹೆಸರು ಅವರಿಗೆ ಹೋಗುತ್ತದೆ. ಮೂಳೆ ಸವೆದ ವಯಸ್ಸಾದವರಿಗೆ ಒದೆತದಿಂದ ಮೂಳೆ ಮುರಿಯಬಹುದು. ಅದರ ಬದಲು ಬಿಸಿನೀರಿನ ಚೀಲದಿಂದ ಶಾಖ ಕೊಡಿ, ಒಂದೆರಡು ದಿನ ಕೆಲಸ ಕಡಿಮೆ ಮಾಡಿ, ಆದರೆ ಮಲಗಿಬಿಡಬೇಡಿ. ಮನೆಯೊಳಗೇ ಗಂಟೆಗೊಮ್ಮೆ ನಡೆದಾಡಿ. ಏಳುವಾಗ ಅಂಗಾತದಿಂದ ನೇರ ಏಳದೆ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಿ.

ಪ್ರಶ್ನೆ: ಮಗಳು 5ನೇ ತರಗತಿ, 28 ಕಿಲೋ ತೂಕ. ಅವಳ ಬ್ಯಾಗ್ ತೂಗಿದೆ, ಆರೂವರೆ ಕಿಲೋ! ದಿನಾ ಬೆನ್ನು ನೋವು ಅನ್ನುತ್ತಾಳೆ.
— ಓದುಗ, ಮೈಸೂರು

ಉತ್ತರ: ತೂಗಿ ನೋಡಿದಿರಲ್ಲ, ಒಳ್ಳೆಯ ಕೆಲಸ ಮಾಡಿದಿರಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗ್ ಮಗುವಿನ ತೂಕದ ನೂರಕ್ಕೆ 10ರಷ್ಟನ್ನು ಮೀರಬಾರದು, ಅಂದರೆ ನಿಮ್ಮ ಮಗಳಿಗೆ 2.8 ಕಿಲೋ. ಕರ್ನಾಟಕ ಸರ್ಕಾರದ ಆದೇಶದಲ್ಲೂ 3ರಿಂದ 5ನೇ ತರಗತಿಗೆ 2ರಿಂದ 3 ಕಿಲೋ ಅಂತಲೇ ಇದೆ. ಈ ಲೆಕ್ಕ ಬರೆದ ಒಂದು ಚೀಟಿ ಹಿಡಿದು, ಇನ್ನೂ ನಾಲ್ಕು ಜನ ಪೋಷಕರನ್ನು ಸೇರಿಸಿಕೊಂಡು ಶಾಲೆಗೆ ಹೋಗಿ. ಮನೆಯಲ್ಲಿ ವೇಳಾಪಟ್ಟಿ ನೋಡಿ ಬ್ಯಾಗ್ ತುಂಬಿಸಿ, ನೀರನ್ನು ಶಾಲೆಯಲ್ಲಿ ತುಂಬಿಸಿಕೊಳ್ಳಲು ಹೇಳಿ, ಎರಡೂ ಪಟ್ಟಿ ಹಾಕಿಸಿ. ಆದರೆ ಮಕ್ಕಳ ಬೆನ್ನು ನೋವೆಲ್ಲ ಬ್ಯಾಗಿನದೇ ಅಂದುಕೊಳ್ಳಬೇಡಿ. ಸಂಜೆ ಆಟಕ್ಕೆ ಹೋಗುತ್ತಾಳಾ, ಇಲ್ಲ ಟ್ಯೂಷನ್ ಮುಗಿಸಿ ಮೊಬೈಲ್ ಹಿಡಿಯುತ್ತಾಳಾ? ಬೀದಿಯಲ್ಲಿ ಒಂದು ಗಂಟೆ ಕುಂಟೆಬಿಲ್ಲೆ ಆಡಲಿ. ರಾತ್ರಿ ನಿದ್ದೆಯಿಂದ ಎಬ್ಬಿಸುವಷ್ಟು ನೋವು ಇದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ತಂದೆಗೆ 68. ಬೆನ್ನಿಗೆ ನೆಲವೇ ಒಳ್ಳೆಯದು ಅಂತ ಚಾಪೆ ಮೇಲೆ ಮಲಗುತ್ತಾರೆ. ಸರಿಯಾ?
— ಓದುಗ, ಕಾರ್ಕಳ

ಉತ್ತರ: ಅವರಿಗೆ ನಿದ್ದೆ ಚೆನ್ನಾಗಿ ಬಂದು, ಬೆಳಗ್ಗೆ ಕಷ್ಟವಿಲ್ಲದೆ ಏಳುತ್ತಿದ್ದರೆ ಬಿಡಿ. ಆದರೆ ಗಟ್ಟಿ ಇದ್ದಷ್ಟೂ ಒಳ್ಳೆಯದು ಅನ್ನುವುದು ತಪ್ಪು ಕಲ್ಪನೆ. 2003ರಲ್ಲಿ ಸ್ಪೇನ್‌ನಲ್ಲಿ 313 ಜನರ ಮೇಲೆ ನಡೆದ ಅಧ್ಯಯನದಲ್ಲಿ ತುಂಬಾ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೇ ನೋವು ಜಾಸ್ತಿ ತಗ್ಗಿತು. ಚೆನ್ನಾಗಿ ಹಿಂಜಿಸಿದ ಹತ್ತಿ ಹಾಸಿಗೆ ಸಾಕು. ಮಗ್ಗುಲಾಗಿ ಮಲಗಿದರೆ ಮಂಡಿಗಳ ನಡುವೆ ದಿಂಬು ಇಡಿ. ಈ ವಯಸ್ಸಿನಲ್ಲಿ ನನಗೆ ಹೆಚ್ಚು ಚಿಂತೆ ಮೂಳೆಯದು. ಸಣ್ಣ ಜಗ್ಗಾಟಕ್ಕೇ ಬೆನ್ನಲ್ಲಿ ಛಳ್ ಎಂದು ಜೋರು ನೋವು ಬಂದರೆ, ಎತ್ತರ ಕಡಿಮೆಯಾಗುತ್ತಾ ಗೂನು ಬರುತ್ತಿದ್ದರೆ ಎಕ್ಸ್‌ರೇ ಮಾಡಿಸಿ. ಬಿಸಿಲಲ್ಲಿ ನಡೆಯಲಿ, ರಾಗಿ ಗಂಜಿ ಕುಡಿಯಲಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ.

ಪ್ರಶ್ನೆ: ಈಗ ನೋವಿಲ್ಲ, ಬರಬಾರದು ಅಷ್ಟೇ. ದಿನಕ್ಕೆ ಹತ್ತು ನಿಮಿಷ ಕೊಡಬಲ್ಲೆ. ಏನು ಮಾಡಲಿ?
— ಓದುಗಿ, ಧಾರವಾಡ

ಉತ್ತರ: ಇಂಥ ಪತ್ರ ಅಪರೂಪಕ್ಕೆ ಬರುವುದು, ತುಂಬಾ ಖುಷಿಯಾಯಿತು. ನಡಿಗೆ ಬೇರೆ, ಅದನ್ನು ಈ ಹತ್ತು ನಿಮಿಷದಲ್ಲಿ ಸೇರಿಸಬೇಡಿ. ಮೂರು ವ್ಯಾಯಾಮ ಸಾಕು.

ಒಂದು, ಸೇತುಬಂಧ. ಅಂಗಾತ ಮಲಗಿ ಮಂಡಿ ಮಡಚಿ, ಪಾದ ಊರಿ, ಸೊಂಟ ಎತ್ತಿ ಐದು ಎಣಿಸಿ ಇಳಿಸಿ, ಹತ್ತು ಸಲ. ಎರಡನೆಯದು, ಮಗ್ಗುಲಾಗಿ ಮಲಗಿ ಮೊಣಕೈ ಮತ್ತು ಮಡಚಿದ ಮಂಡಿಯ ಮೇಲೆ ಭಾರ ಹಾಕಿ ಸೊಂಟ ಎತ್ತಿ ಹಿಡಿಯುವುದು, ಹತ್ತು ಸೆಕೆಂಡ್, ಎರಡೂ ಕಡೆ ಮೂರು ಮೂರು ಸಲ. ಭುಜ ನೋವಿದ್ದರೆ ಇದನ್ನು ಬಿಡಿ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟ. ಮಗು ಅಂಬೆಗಾಲಿಡುವ ಹಾಗೆ ಅಂಗೈ, ಮಂಡಿ ಊರಿ ನಿಲ್ಲಿ. ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ, ಎಂಟು ಹತ್ತು ಸೆಕೆಂಡ್ ಹಿಡಿದು ಇಳಿಸಿ. ಆಮೇಲೆ ಎಡಗೈ, ಬಲಗಾಲು. ಆರಾರು ಸಲ. ಉಸಿರು ಕಟ್ಟಬೇಡಿ, ಕಾಲನ್ನು ಸೊಂಟಕ್ಕಿಂತ ಮೇಲೆ ಎತ್ತಬೇಡಿ. ಹೆಚ್ಚಿನವರು ಇದನ್ನು ಬೇಗ ಬೇಗ ಮಾಡಿ ಸೊಂಟವನ್ನು ಒಂದು ಕಡೆ ವಾಲಿಸುತ್ತಾರೆ. ಸೊಂಟದ ಮೇಲೆ ಒಂದು ಸ್ಟೀಲ್ ಲೋಟ ನಿಲ್ಲಿಸಿದರೆ ಅದು ಬೀಳಬಾರದು, ಅಷ್ಟು ಸಮ ಇರಬೇಕು. ಮನೆಯವರ ಕೈಲಿ ಇಡಿಸಿ ನೋಡಿ. ಮೊದಲ ವಾರ ಖಾಲಿ ಲೋಟ, ಆಮೇಲೆ ಅರ್ಧ ನೀರು ಹಾಕಿ.